ಕೆಳಗೆ ಮಳೆ, ಮೇಲೆ ಹಿಮ: ವ್ಯಾಂಕೂವರಿನ ಮಾರ್ಚ್ ರಜೆ

ನಮ್ಮ ಕಾಸರಗೋಡಿನ ಬದಿಯಡ್ಕ ಪೇಟೆಗೆ ಹೋದರೆ ಸಿಕ್ಕಿದವರೆಲ್ಲ ಕೇಳುವುದು ಒಂದೇ. "ಮಗ ಕೆನಡಾದಲ್ಲಿ ಅಲ್ವಾ ಟೀಚರೇ, ಅಲ್ಲಿ ಭಯಂಕರ ಚಳಿ ಅಲ್ವಾ?" ಚಳಿ ಹೌದು, ಭಯಂಕರ ಅಲ್ಲ. ಅವನಿರುವುದು ವ್ಯಾಂಕೂವರಿನಲ್ಲಿ, ಸಮುದ್ರದ ಬದಿಯ ಊರು. ಜನವರಿಯಲ್ಲೂ ಅಲ್ಲಿ ಸರಾಸರಿ 4 ಡಿಗ್ರಿ ಆಸುಪಾಸು ಇರುತ್ತದೆ. ಹೆಚ್ಚುಕಮ್ಮಿ ಅದೇ ಅಕ್ಷಾಂಶದಲ್ಲಿ, ಆದರೆ ದೇಶದ ನಡುವೆ ಇರುವ ವಿನಿಪೆಗ್‌ನಲ್ಲಿ ಆಗ ಮೈನಸ್ 16. ಇಷ್ಟು ವ್ಯತ್ಯಾಸ ಮಾಡುವುದು ಪಶ್ಚಿಮಕ್ಕಿರುವ ಪೆಸಿಫಿಕ್ ಸಮುದ್ರ. ನಮ್ಮ ಕರಾವಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅವರ ಎರಡನೇ ಪ್ರಶ್ನೆ ಹೆಚ್ಚು ಸರಿಯಾದದ್ದು. ಅಷ್ಟು ಹದವಾದ ಊರಾದರೆ ಫೋಟೋದಲ್ಲಿ ನೀವು ಮೊಣಕಾಲುದ್ದ ಹಿಮದಲ್ಲಿ ನಿಂತದ್ದು ಹೇಗೆ? ಕೈಯಲ್ಲಿ ತರಕಾರಿ ಚೀಲ, ಎದುರಿಗೆ ಹೊರಟು ನಿಂತ ಬಸ್ಸು, ಅಲ್ಲಿ ಅದಕ್ಕೆ ಉತ್ತರ ಕೊಡಲು ಆಗುವುದಿಲ್ಲ. ಈಗ ನಮ್ಮ ಕಡೆಯಿಂದಲೂ ಮಕ್ಕಳ ಮನೆಗೆಂದು ಅಲ್ಲಿಗೆ ಹೋಗುವವರು ಜಾಸ್ತಿ ಆಗಿದ್ದಾರೆ, ಅವರಿಗೆ ಉಪಯೋಗವಾಗಲಿ ಎಂದು ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಸಣ್ಣ ಮಕ್ಕಳು, ಅಜ್ಜ ಅಜ್ಜಿ ಎಲ್ಲ ಸೇರಿ ಹೋಗುವುದಾದರೆ ಹಿಮದಾಟಕ್ಕೆ ಹೆಸರುವಾಸಿಯಾದ ವಿಸ್ಲರ್‌ಗೆ ಓಡಬೇಕಾಗಿಲ್ಲ. ಊರ ಪಕ್ಕದ ಗುಡ್ಡಗಳೇ ಸಾಕು. ಯಾಕೆ ಎಂದು ಹೇಳಬೇಕಾದರೆ ಸ್ವಲ್ಪ ಪಾಠ ಮಾಡಬೇಕಾಗುತ್ತದೆ, ಮೂವತ್ತು ವರ್ಷ ಕನ್ನಡ ಮಾಧ್ಯಮದಲ್ಲಿ ಸಮಾಜ ಪಾಠ ಮಾಡಿದವಳಿಗೆ ಇಷ್ಟು ಅವಕಾಶ ಕೊಡಿ.

ವ್ಯಾಂಕೂವರಿನ ಪೇಟೆಯಲ್ಲಿ ನಿಂತು ಉತ್ತರಕ್ಕೆ ನೋಡಿದರೆ ಒಂದು ಕಡಲ ಕಾಲುವೆ, ಅದರ ಆಚೆ ದಡದಿಂದಲೇ ಎದ್ದು ನಿಂತ ಬೆಟ್ಟಸಾಲು. ಅದರಲ್ಲಿ ಸ್ಕೀಯಿಂಗ್, ಅಂದರೆ ಕಾಲಿಗೆ ಉದ್ದ ಪಟ್ಟಿ ಕಟ್ಟಿ ಹಿಮದ ಮೇಲೆ ಜಾರುವ ಆಟ, ಇರುವ ಗುಡ್ಡ ಮೂರು. ಪಶ್ಚಿಮದಿಂದ ಪೂರ್ವಕ್ಕೆ ಸೈಪ್ರೆಸ್, ಗ್ರೌಸ್, ಸೀಮೋರ್. ಪೆಸಿಫಿಕ್‌ನಿಂದ ಬಂದ ಒದ್ದೆ ಗಾಳಿ ಈ ಬೆಟ್ಟಗಳಿಗೆ ಬಡಿದು ಮೇಲೇರುತ್ತದೆ, ಏರಿದಂತೆ ತಂಪಾಗುತ್ತದೆ, ತಂಪಾದರೆ ನೀರನ್ನು ಕೆಳಗೆ ಹಾಕುತ್ತದೆ. ಅರಬ್ಬಿ ಸಮುದ್ರದ ಗಾಳಿ ಪಶ್ಚಿಮ ಘಟ್ಟಕ್ಕೆ ಬಡಿದು ಆಗುಂಬೆಯಲ್ಲಿ 7,000 ಮಿಲಿಮೀಟರಿಗಿಂತ ಜಾಸ್ತಿ ಮಳೆ ಸುರಿಸುವುದೂ ಹೀಗೆಯೇ. ಬೋರ್ಡಿನ ಮೇಲೆ ಎಷ್ಟು ಸಲ ಈ ಚಿತ್ರ ಬರೆದಿದ್ದೇನೋ ಲೆಕ್ಕವಿಲ್ಲ. ಕಾಲ ಮಾತ್ರ ತಲೆಕೆಳಗು. ನಮಗೆ ಜೂನ್‌ನಿಂದ ಸೆಪ್ಟೆಂಬರ್, ಅವರಿಗೆ ಅಕ್ಟೋಬರ್‌ನಿಂದ ಮಾರ್ಚ್. ಒಟ್ಟು ಮಳೆ ನಮ್ಮದೇ ಜಾಸ್ತಿ, ಕಾಸರಗೋಡಿನಲ್ಲಿ 3,500 ಮಿಲಿಮೀಟರ್ ಹತ್ತಿರ, ವ್ಯಾಂಕೂವರ್ ವಿಮಾನ ನಿಲ್ದಾಣದ ಲೆಕ್ಕದಲ್ಲಿ 1,200 ಅಷ್ಟೆ. ಆದರೆ ನಮ್ಮದು ಧೋ ಎಂದು ಸುರಿದು ಮುಗಿಸುತ್ತದೆ. ಅವರದ್ದು ತಿಂಗಳುಗಟ್ಟಲೆ ಜಿಟಿಜಿಟಿ. ನನಗೆ ನಮ್ಮದೇ ವಾಸಿ ಅನಿಸಿತು.

ಇನ್ನು ಹಿಮ ಎಲ್ಲಿಂದ ಬಂತು? ಸಾವಿರ ಮೀಟರ್ ಮೇಲೆ ಹೋದರೆ ಸುಮಾರು ಆರೂವರೆ ಡಿಗ್ರಿ ಕಮ್ಮಿಯಾಗುತ್ತದೆ ಎಂದು ಪುಸ್ತಕದಲ್ಲಿ ಓದಿದ್ದೇವಲ್ಲ. ಗ್ರೌಸ್‌ನ ತುದಿ 1,231 ಮೀಟರ್. ದೊಡ್ಡ ಎತ್ತರವೇನೂ ಅಲ್ಲ, ನಮ್ಮ ರಾಣಿಪುರಂ ಸಾವಿರ ಮೀಟರ್ ಆಸುಪಾಸು ಇದೆ, ಮುಳ್ಳಯ್ಯನಗಿರಿಯ ಎದುರು ಇದು ಗಿಡ್ಡ. ಮಾರ್ಚಿನಲ್ಲಿ ಪೇಟೆಯಲ್ಲಿ ಏಳು ಡಿಗ್ರಿ ಇದ್ದರೆ ಗುಡ್ಡದ ಮೇಲೆ ಸೊನ್ನೆ. ಕೆಳಗೆ ಮಳೆ ಬರುವ ಹೊತ್ತಿಗೆ ಮೇಲೆ ಅದೇ ಮೋಡದಿಂದ ಹಿಮ ಬೀಳುತ್ತದೆ. ಆದರೆ ಎರಡು ಡಿಗ್ರಿ ಜಾಸ್ತಿ ಆದರೆ ಮೇಲೆಯೂ ಬರೀ ಮಳೆ. ಆ ಸೊನ್ನೆ ಡಿಗ್ರಿಯ ಗೆರೆ ದಿನ ದಿನವೂ ಮೇಲೆ ಕೆಳಗೆ ಓಡಾಡುತ್ತಿರುತ್ತದೆ, ಮಾರ್ಚಿನಲ್ಲಂತೂ ಸರಿಯಾಗಿ ಈ ಮೂರು ಗುಡ್ಡಗಳ ಮೈಮೇಲೆಯೇ. ಅಲ್ಲಿನ ಸ್ಕೀಯಿಂಗ್ ಸಂಸಾರಗಳೆಲ್ಲ ಆ ಗೆರೆಯನ್ನು ನೋಡಿಕೊಂಡೇ ಬದುಕುವುದು.

ಮಾರ್ಚ್ ಯಾಕೆ ಎಂದರೆ ವ್ಯಾಂಕೂವರ್ ಇರುವ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದಲ್ಲಿ ಹೆಚ್ಚಿನ ಶಾಲೆಗಳಿಗೆ ಆಗ ಎರಡು ವಾರ ಸ್ಪ್ರಿಂಗ್ ಬ್ರೇಕ್. ತೋಟಕ್ಕೆ ನೀರು ಬಿಡುವ ಕೆಲಸಕ್ಕೆ ತಮ್ಮನ ಮಗನನ್ನು ಒಪ್ಪಿಸಿ ನಾವಿಬ್ಬರು ಹೊರಟೆವು. ಊರಿನಲ್ಲಿ ಬೆವರಿಗೆ ಸೀರೆ ಮೈಗೆ ಅಂಟುತ್ತಿತ್ತು, ಬಾವಿ ತಳ ಕಾಣಲು ಶುರುವಾಗಿತ್ತು. ಅಲ್ಲಿ ಇಳಿದರೆ ರಸ್ತೆ ಬದಿಯ ಚೆರಿ ಮರಗಳಲ್ಲಿ ಹೂ ಬಿರಿಯುತ್ತಿದೆ, ಮಗನ ಮನೆಯ ತೆಂಗಿನೆಣ್ಣೆ ಬಾಟಲಿಯಲ್ಲಿ ಕಲ್ಲಾಗಿ ಕೂತಿದೆ.

ಬೆಳಿಗ್ಗೆ ಎದ್ದ ಕೂಡಲೇ ಮಗ ಮಾಡುವ ಮೊದಲ ಕೆಲಸ ಫೋನಿನಲ್ಲಿ ಗುಡ್ಡದ ವೆಬ್‌ಕ್ಯಾಮ್ ನೋಡುವುದು. ಮೂರೂ ಗುಡ್ಡದವರು ಕ್ಯಾಮರಾ ಇಟ್ಟಿದ್ದಾರೆ. ಒಂದು ದಿನ ಕಿಟಕಿಯ ಹೊರಗೆ ಎಡೆಬಿಡದ ಮಳೆ, ನಾನು ಇವತ್ತು ಎಲ್ಲಿಗೂ ಇಲ್ಲ ಎಂದು ದೋಸೆಗೆ ಅಕ್ಕಿ ನೆನೆಸಲು ಹೊರಟಿದ್ದೆ. ಅವನು ಫೋನು ತೋರಿಸಿ, "ಅಮ್ಮ, ಮೇಲೆ ನೋಡು" ಅಂದ. ಬೆಳ್ಳಗೆ ಸುರಿಯುತ್ತಿತ್ತು. ಮಳೆಯಲ್ಲೇ ಹೊರಟೆವು.

ಸೀಮೋರ್‌ಗೆ ಸೇತುವೆ ದಾಟಿ ಹೋಗಬೇಕು, ಆಮೇಲೆ ಗುಡ್ಡದ ರಸ್ತೆ, ತಿರುವಿನ ಮೇಲೆ ತಿರುವು. ಬುಡದಲ್ಲಿ ವೈಪರ್ ಜೋರಾಗಿ ಓಡುತ್ತಿತ್ತು. ಸ್ವಲ್ಪ ಮೇಲೆ ಹೋದಾಗ ಗಾಜಿನ ಮೇಲೆ ಬೀಳುವ ಹನಿ ದಪ್ಪವಾಯಿತು, ಬಿದ್ದಲ್ಲೇ ಒಂದು ಕ್ಷಣ ನಿಂತು ಆಮೇಲೆ ಹರಿಯಿತು. ಮಕ್ಕಳು ಹಿಂದಿನ ಸೀಟಿನಲ್ಲಿ ಪಂದ್ಯ ಕಟ್ಟುತ್ತಿದ್ದರು, ಯಾವ ತಿರುವಿನಲ್ಲಿ ಹಿಮ ಆಗುತ್ತದೆ ಅಂತ. ಇನ್ನೆರಡು ತಿರುವು ಕಳೆದರೆ ರಸ್ತೆ ಬದಿಯ ಹುಲ್ಲು ಬಿಳಿ, ಮತ್ತೊಂದಕ್ಕೆ ಮರಗಳ ಕೆಳಗಿನ ಕೊಂಬೆಯೂ ಬಿಳಿ, ವೈಪರ್‌ಗೆ ಶಬ್ದವೇ ಇಲ್ಲ. ಇಪ್ಪತ್ತು ನಿಮಿಷದ ದಾರಿಯಲ್ಲಿ ಎರಡು ಕಾಲ ದಾಟಿದ ಹಾಗಾಯಿತು. ಇವರು, ಅಂದರೆ ನಮ್ಮ ಯಜಮಾನರು, ಮಾತಾಡುವುದೇ ಕಮ್ಮಿ. "ನೀನು ಬೋರ್ಡಿನಲ್ಲಿ ಬರೆಯುತ್ತಿದ್ದದ್ದು ಸುಳ್ಳಲ್ಲ ಮಾರಾಯ್ತಿ" ಅಂದರು. ನಿವೃತ್ತಿಯ ದಿನ ಹಾಕಿದ ಶಾಲಿಗಿಂತ ಅದು ನನಗೆ ಜಾಸ್ತಿ ಖುಷಿ ಕೊಟ್ಟಿತು.

ಇಲ್ಲಿ ಒಂದು ಮಾತು. ಗುಡ್ಡದ ರಸ್ತೆಗೆ ಚಳಿಗಾಲದ ಟಯರ್ ಕಡ್ಡಾಯ, ಬೋರ್ಡು ಹಾಕಿರುತ್ತಾರೆ. ಮಾರ್ಚ್ ಮುಗಿಯುವವರೆಗೂ ಆ ನಿಯಮ ಇರುತ್ತದೆ. ಪೇಟೆಯಲ್ಲಿ ಹೂ ಅರಳಿದೆ ಎಂದು ಬಾಡಿಗೆ ಕಾರಿನಲ್ಲಿ ಸುಮ್ನೆ ಹೊರಟುಬಿಡಬೇಡಿ, ಟಯರ್ ಯಾವುದು ಎಂದು ಮೊದಲೇ ಕೇಳಿ.

ಮಕ್ಕಳಿಗೆ ಒಂಬತ್ತು ಮತ್ತು ಆರು ವರ್ಷ. ಸ್ಕೀ, ಬೂಟು, ಹೆಲ್ಮೆಟ್ ಎಲ್ಲ ಬಾಡಿಗೆಗೆ ಸಿಗುತ್ತದೆ. ಬಾಡಿಗೆ ಕೌಂಟರಿನಲ್ಲಿ ಎತ್ತರ, ತೂಕ, ವಯಸ್ಸು, ಎಷ್ಟು ಬರುತ್ತದೆ ಎಲ್ಲ ಕೇಳುತ್ತಾರೆ. ಯಾಕಪ್ಪಾ ಇಷ್ಟು ವಿಚಾರಣೆ ಎಂದು ಕೇಳಿದೆ. ಬೂಟನ್ನು ಸ್ಕೀ ಪಟ್ಟಿಗೆ ಹಿಡಿದಿಡುವ ಬೈಂಡಿಂಗ್ ಎಷ್ಟು ಬಲಕ್ಕೆ ಬಿಟ್ಟುಕೊಳ್ಳಬೇಕು ಎಂಬುದು ಈ ಲೆಕ್ಕದ ಮೇಲೆ ನಿಂತಿದೆಯಂತೆ. ಬಿದ್ದಾಗ ಅದು ಕಳಚಿಕೊಳ್ಳಬೇಕು, ಇಲ್ಲದಿದ್ದರೆ ಕಾಲು ತಿರುಚಿ ಹೋಗುತ್ತದೆ. ಸುಮ್ನೆ ಹೋಗುವಾಗ ಕಳಚಿದರೂ ಕಷ್ಟ. ಹಾಗಾಗಿ ತೂಕ ಹೇಳಲು ನಾಚಿಕೊಂಡು ಐದು ಕಿಲೋ ಕಮ್ಮಿ ಹೇಳುವ ಬುದ್ಧಿಯನ್ನು ಮನೆಯಲ್ಲೇ ಬಿಟ್ಟು ಹೋಗಿ. ಬೂಟು ಒಳ್ಳೆ ಗಟ್ಟಿ ಪ್ಲಾಸ್ಟಿಕ್, ನಡೆಯುವುದು ಶಿಕ್ಷೆ. ಚಿಕ್ಕವಳಿಗೆ ಮೊದಲು ಕೊಟ್ಟದ್ದು ದೊಡ್ಡದಾಗಿತ್ತು, ಹಿಮ್ಮಡಿ ಒಳಗೆ ಎದ್ದು ಬರುತ್ತಿತ್ತು. ಸೊಸೆ ಬಗ್ಗಿ ನೋಡಿ ಕೂಡಲೇ ಬದಲಾಯಿಸಿದಳು. ಆ ಕೌಂಟರಿನಲ್ಲಿ ಹಿಂದೆ ಎಷ್ಟೇ ಜನ ನಿಂತಿರಲಿ, ಮಗುವನ್ನು ಎರಡು ಹೆಜ್ಜೆ ನಡೆಸಿ ನೋಡದೆ ಹೊರಡಬಾರದು.

ಕಲಿಸುವ ಕ್ರಮ ನನಗೆ ತುಂಬಾ ಹಿಡಿಸಿತು. ಶುರುವಿಗೆ ಲಿಫ್ಟಿಲ್ಲ, ಏರಿಲ್ಲ. ಚಪ್ಪಟೆ ಜಾಗದಲ್ಲಿ ಒಂದು ಕಾಲಿಗೆ ಮಾತ್ರ ಸ್ಕೀ ಹಾಕಿ ಸುತ್ತಾಡಿಸುತ್ತಾರೆ. ಆಮೇಲೆ ಮ್ಯಾಜಿಕ್ ಕಾರ್ಪೆಟ್ ಎಂಬ ನೆಲದ ಬೆಲ್ಟು, ಅದರ ಮೇಲೆ ನಿಂತರೆ ಅದೇ ಮೇಲೆ ಕೊಂಡುಹೋಗುತ್ತದೆ. ಮುಂದಿನ ತುದಿಗಳನ್ನು ಹತ್ತಿರ ತಂದು ಹಿಂದಿನದನ್ನು ಅಗಲಿಸಿದರೆ ವೇಗ ಕಮ್ಮಿಯಾಗುತ್ತದೆ. ಅದಕ್ಕೆ ಮಕ್ಕಳ ಭಾಷೆಯಲ್ಲಿ ಪಿಜ್ಜಾ. ಎರಡೂ ನೇರ ಇಟ್ಟರೆ ಫ್ರೆಂಚ್ ಫ್ರೈಸ್. ಮೇಲಿಂದ ಮಾಸ್ತರು "ಪಿಜ್ಜಾ, ಪಿಜ್ಜಾ" ಎಂದು ಕೂಗುತ್ತಾರೆ, ಕೆಳಗೆ ನಿಂತ ನಮಗೆ ಹಸಿವಾಗುತ್ತದೆ. ಇಳಿಜಾರುಗಳಿಗೆ ಗುರುತು ಇದೆ. ಹಸಿರು ವೃತ್ತ ಸುಲಭ, ನೀಲಿ ಚೌಕ ನಡುವಿನದು, ಕಪ್ಪು ವಜ್ರ ಪಳಗಿದವರಿಗೆ. ದೊಡ್ಡವನು ಎರಡು ಚಳಿಗಾಲ ಕಲಿತು ನೀಲಿಗೆ ಬಂದಿದ್ದಾನೆ. ಪುತ್ತೂರಿನ ನಮ್ಮ ಸೊಸೆ ಮದುವೆಯಾಗಿ ಬಂದ ಮೇಲೆ ಮೂವತ್ತು ದಾಟಿ ಕಲಿತವಳು, ಹಸಿರಿನಲ್ಲೇ ಆರಾಮಾಗಿದ್ದಾಳೆ, ನೀಲಿಗೆ ಬಾ ಎಂದು ಗಂಡ ಎಷ್ಟು ಕರೆದರೂ ಹೋಗುವುದಿಲ್ಲ. ಅದೇ ಸರಿ ಎನ್ನುತ್ತೇನೆ ನಾನು.

ನಮಗೆ ವಯಸ್ಸಾದವರಿಗೆ ಏನು ಕೆಲಸ ಅಂತ ಕೇಳಬೇಡಿ, ಬೇಕಾದಷ್ಟಿದೆ. ಪ್ಲಾಸ್ಟಿಕ್ ತಟ್ಟೆಯಲ್ಲಿ ಕೂತು ಜಾರುವ ಟೊಬಾಗನ್ ನೋಡಿ ಇವರು, "ಇದು ನಮ್ಮ ಅಡಿಕೆ ಹಾಳೆ ಅಲ್ವಾ" ಅಂದರು. ಹೌದು, ಹಾಳೆಯಲ್ಲಿ ಒಬ್ಬರನ್ನು ಕೂರಿಸಿ ತೋಟದ ದಾರಿಯಲ್ಲಿ ಎಳೆದು ಬೆಳೆದವರಲ್ವಾ ನಾವೆಲ್ಲ. ಇಲ್ಲಿ ಎಳೆಯುವವರು ಬೇಡ, ಅಷ್ಟೇ ವ್ಯತ್ಯಾಸ. ಅರುವತ್ತೈದರ ಅಜ್ಜ ಚಿಕ್ಕವಳನ್ನು ಎದುರಿಗೆ ಕೂರಿಸಿಕೊಂಡು ಜಾರಿದರು, ಮತ್ತೆ ಜಾರಿದರು, ಕೊನೆಗೆ ನಾವೇ ಹೋಗಿ ಕರೆದುಕೊಂಡು ಬರಬೇಕಾಯಿತು.

ನಾನು ಸ್ನೋಶೂ ಹಾಕಿ ನಡೆದೆ. ಬೂಟಿನ ಅಡಿಗೆ ಅಗಲದ ಚೌಕಟ್ಟು ಕಟ್ಟುವುದು. ಭಾರ ಹಂಚಿಹೋಗಿ ಕಾಲು ಹೂತುಹೋಗುವುದಿಲ್ಲ. ಕಲಿಯಲು ಏನೂ ಇಲ್ಲ, ಕಾಲು ಸ್ವಲ್ಪ ಅಗಲಿಸಿ ನಡೆದರೆ ಸಾಕು. ಮಂಡಿನೋವು ಇರುವವರು ಕೈಗೆ ಕೋಲು ಕೇಳಿ ತೆಗೆದುಕೊಳ್ಳಿ. ಹೆಮ್ಲಾಕ್, ಸೀಡರ್ ಮರಗಳ ಕಾಡು, ಕೊಂಬೆಯಿಂದ ಗಡ್ಡದಂಥ ಕಲ್ಲುಹೂ ಇಳಿಬಿದ್ದಿರುತ್ತದೆ. ಕೆನಡಾ ಜೇ ಎಂಬ ಬೂದು ಹಕ್ಕಿ ಒಂದಿದೆ, ಅದಕ್ಕೆ ಹೆದರಿಕೆ ಎಂಬುದೇ ಇಲ್ಲ. ಸೊಸೆ ಕಟ್ಟಿಕೊಟ್ಟ ಚಪಾತಿ ಸುರುಳಿ ಬಿಚ್ಚಿದರೆ ಬಂದು ಪಕ್ಕದಲ್ಲೇ ಕೂತಿತು. ಕೊಡಬಾರದು ಅಂತ ನಿಯಮ, ಕೊಡಲಿಲ್ಲ. ಫ್ಲಾಸ್ಕಿನಲ್ಲಿ ಬಿಸಿ ಸಾರು ಕೊಂಡುಹೋಗಿದ್ದೆವು. ಹಿಮದ ನಡುವೆ ನಿಂತು ಕಾಳುಮೆಣಸಿನ ಸಾರು ಕುಡಿಯುವ ಸುಖ ಗುಡ್ಡದ ಮೇಲಿನ ಕಾಫಿಗೆ ಇಲ್ಲ, ಆ ಕಾಫಿ ಬಗ್ಗೆ ಬರೆಯದಿರುವುದೇ ಒಳ್ಳೆಯದು.

ಕರಾವಳಿಯ ಈ ಹಿಮ ಒದ್ದೆ, ಭಾರ. ಅಲ್ಲಿನವರೇ ತಮಾಷೆಗೆ ಸಿಮೆಂಟ್ ಎನ್ನುತ್ತಾರೆ. ಮಾರ್ಚಿನಲ್ಲಿ ರಾತ್ರಿ ಹೆಪ್ಪುಗಟ್ಟಿ ಬೆಳಿಗ್ಗೆ ಗಟ್ಟಿ ಆಗಿರುತ್ತದೆ, ಬಿದ್ದರೆ ನೋವು. ಹತ್ತು ಹನ್ನೊಂದು ಗಂಟೆಗೆ ಮೇಲ್ಪದರ ಸಡಿಲವಾಗುತ್ತದೆ, ಕಲಿಯುವವರಿಗೆ ಅದೇ ಒಳ್ಳೆ ಹೊತ್ತು. ಮಧ್ಯಾಹ್ನ ದಾಟಿದರೆ ನೀರು ನೀರು, ಸ್ಕೀ ಹಿಡಿದು ನಿಲ್ಲಿಸಿದಂತಾಗುತ್ತದೆ, ಕೈಗವಸು ನೆನೆದು ಮಕ್ಕಳು ಅಳಲು ಶುರು. ಎರಡು ಜೊತೆ ಕೈಗವಸು ಬೇಕೇ ಬೇಕು. ಬಿಸಿಲಿದ್ದರೆ ಸನ್‌ಸ್ಕ್ರೀನ್ ಕೂಡ, ಹಿಮದಿಂದ ಬೆಳಕು ತಿರುಗಿ ಕೆಳಗಿನಿಂದ ಬಡಿಯುವ ಕಾರಣ ಗಲ್ಲದ ಅಡಿಗೂ ಹಚ್ಚಬೇಕು. ನಮ್ಮ ಮೈಬಣ್ಣಕ್ಕೆ ಏನೂ ಆಗುವುದಿಲ್ಲ ಎಂದಿದ್ದ ಅಜ್ಜನ ಮೂಗಿನ ಸಿಪ್ಪೆ ಎದ್ದಿತು.

ಮಳೆಯ ಗೆರೆ ಮೇಲೆ ಹೋದರೆ ಏನಾಗುತ್ತದೆ ಎಂದು ಇಡೀ ಜಗತ್ತು ನೋಡಿದ್ದು 2010ರಲ್ಲಿ. ಆ ವರ್ಷದ ಚಳಿಗಾಲದ ಒಲಿಂಪಿಕ್ಸ್ ವ್ಯಾಂಕೂವರಿನದು, ಫ್ರೀಸ್ಟೈಲ್ ಸ್ಕೀ ಮತ್ತು ಸ್ನೋಬೋರ್ಡ್ ಸ್ಪರ್ಧೆಗಳು ಸೈಪ್ರೆಸ್‌ನಲ್ಲಿ. ಆ ಜನವರಿ ಊರಿನ ದಾಖಲೆಯಲ್ಲೇ ಅತಿ ಬೆಚ್ಚಗಿನದ್ದು. ಗುಡ್ಡದಲ್ಲಿ ಮಳೆ. ಕೊನೆಗೆ ಲಾರಿಯಲ್ಲಿ, ಹೆಲಿಕಾಪ್ಟರಿನಲ್ಲಿ ಬೇರೆ ಕಡೆಯಿಂದ ಹಿಮ ತಂದರು, ಅಡಿಗೆ ಹುಲ್ಲಿನ ಕಟ್ಟುಗಳನ್ನು ಪೇರಿಸಿ ಮೇಲೆ ಹಿಮ ಹೊದೆಸಿದರು. ನಿಂತು ನೋಡುವ ಜಾಗದ ಟಿಕೆಟುಗಳನ್ನು ರದ್ದು ಮಾಡಬೇಕಾಯಿತು. ಹಾಗೆ ಹೊದೆಸಿದ ಹಿಮದ ಮೇಲೆಯೇ ಕೆನಡಾದ ಸ್ಕೀ ಆಟಗಾರ ಅಲೆಕ್ಸಾಂಡರ್ ಬಿಲೊಡೋ ಫೆಬ್ರವರಿ 14ರಂದು ಚಿನ್ನ ಗೆದ್ದದ್ದು, ಕೆನಡಾ ತನ್ನ ನೆಲದಲ್ಲಿ ನಡೆದ ಒಲಿಂಪಿಕ್ಸಿನಲ್ಲಿ ಗೆದ್ದ ಮೊದಲ ಚಿನ್ನ ಅದು. ನಮ್ಮ ದೇಶದಿಂದ ಆ ಕೂಟಕ್ಕೆ ಮೂವರು ಹೋಗಿದ್ದರು, ಸಣ್ಣ ಜಾರುಬಂಡಿಯ ಮೇಲೆ ಮಲಗಿ ಜಾರುವ ಲ್ಯೂಜ್‌ ಆಟದ ಶಿವ ಕೇಶವನ್ ಒಬ್ಬರು. ಈಗ ಕೊಡಗಿನ ಭವಾನಿ ತೆಕ್ಕಡ ನಂಜುಂಡ ಕ್ರಾಸ್ ಕಂಟ್ರಿ ಸ್ಕೀಯಿಂಗಿನಲ್ಲಿ ಭಾರತಕ್ಕಾಗಿ ಸ್ಪರ್ಧಿಸುತ್ತಾರೆ. ಕೊಡಗು ನಮಗೆ ಎಷ್ಟು ಹತ್ತಿರ ಹೇಳಿ!

ಕಾರಿಲ್ಲದವರಿಗೆ ಗ್ರೌಸ್. ಪೇಟೆಯಿಂದ ಸೀಬಸ್ ಎಂಬ ದೋಣಿ, ಹತ್ತು ಹನ್ನೆರಡು ನಿಮಿಷದಲ್ಲಿ ಆಚೆ ದಡ. ಅಲ್ಲಿಂದ 236 ನಂಬರಿನ ಸಿಟಿ ಬಸ್ ಗುಡ್ಡದ ಬುಡಕ್ಕೇ ಹೋಗುತ್ತದೆ. ಆ ಬಸ್ಸಿನಲ್ಲಿ ಆಫೀಸಿನ ಚೀಲದವರ ಪಕ್ಕ ಸ್ಕೀ ಹಿಡಿದವರು ನಿಂತಿರುತ್ತಾರೆ, ಯಾರೂ ತಿರುಗಿ ನೋಡುವುದಿಲ್ಲ. ಬುಡದಿಂದ ಸ್ಕೈರೈಡ್ ಎಂಬ ತೂಗುಡಬ್ಬಿ ಕೆಲವೇ ನಿಮಿಷದಲ್ಲಿ ಮೇಲೆ ಬಿಡುತ್ತದೆ. ಸಂಜೆ ಹೋದರೆ ದೀಪದ ಬೆಳಕಿನಲ್ಲಿ ಸ್ಕೀಯಿಂಗ್ ಇದೆ, ಟಿಕೆಟ್ಟೂ ಅಗ್ಗ, ಕೆಳಗೆ ಇಡೀ ಊರು ಮಿನುಗುತ್ತಿರುತ್ತದೆ. ಸ್ಕೀ ಬಾರದವರಿಗೆ ನೋಟವೇ ಸಾಕಷ್ಟಾಯಿತು.

ವಿಸ್ಲರ್‌ಗೂ ಒಂದು ದಿನ ಹೋದೆವು, ಇಲ್ಲವೆಂದರೆ ಊರಿನವರು ಬಿಡುತ್ತಾರಾ? 120 ಕಿಲೋಮೀಟರ್, 99ನೇ ಹೆದ್ದಾರಿ, ಎಡಕ್ಕೆ ಕಡಲು ಬಲಕ್ಕೆ ಬಂಡೆ. ನಡುವೆ ಶ್ಯಾನನ್ ಜಲಪಾತ, 335 ಮೀಟರ್, ಜೋಗಕ್ಕಿಂತ ಎತ್ತರ, ಆದರೆ ಒಂದೇ ನೆಗೆತದಲ್ಲಿ ಬೀಳುವುದಲ್ಲ, ನೋಟದಲ್ಲಿ ಜೋಗವೇ ಮೇಲು. ವಿಸ್ಲರ್ ಮತ್ತು ಬ್ಲ್ಯಾಕ್‌ಕೂಂಬ್ ಎಂಬ ಎರಡು ಬೆಟ್ಟಗಳ ನಡುವೆ ಪೀಕ್ ಟು ಪೀಕ್ ಗೊಂಡೊಲಾ ಎಂಬ ತೂಗುಡಬ್ಬಿ ಓಡುತ್ತದೆ. 2008ರ ಡಿಸೆಂಬರಿನಲ್ಲಿ ಶುರುವಾದದ್ದು, 4.4 ಕಿಲೋಮೀಟರ್ ಉದ್ದ, ಒಂದು ಕಡೆ ಕಣಿವೆಯಿಂದ 436 ಮೀಟರ್ ಮೇಲೆ. ಅದರಲ್ಲಿ ಕೂತಾಗ ನಾನು ಮಧೂರಿನ ಗಣಪತಿಗೆ ಒಂದು ಅಪ್ಪ ಸೇವೆ ಹೇಳಿಕೊಂಡೆ. ಚಂದ ಹೌದು, ಬಹಳ ಚಂದ. ಆದರೆ ಕೌಂಟರಿನಲ್ಲಿ ದೊಡ್ಡವರ ಒಂದು ದಿನದ ಟಿಕೆಟ್ 200 ಡಾಲರ್ ದಾಟುತ್ತದೆ. ಮೊದಲೇ ಆನ್‌ಲೈನಿನಲ್ಲಿ ತೆಗೆದರೆ ಸ್ವಲ್ಪ ಇಳಿಯುತ್ತದೆ, ಹಾಗೆ ತೆಗೆದ ಮೇಲೆ ಮಳೆ ಬಂದರೂ ಹೋಗಲೇಬೇಕು. ಬೆಳಿಗ್ಗೆ ಆರಕ್ಕೆ ಮಕ್ಕಳನ್ನು ಎಬ್ಬಿಸಿ, ಪಾರ್ಕಿಂಗ್ ಹುಡುಕಿ, ಬೂಟು ಹಾಕಿಸಿ ಮುಗಿಯುವಾಗಲೇ ಚಿಕ್ಕವಳಿಗೆ ಸಾಕಾಗಿತ್ತು. ಮ್ಯಾಜಿಕ್ ಕಾರ್ಪೆಟ್ಟಿನಲ್ಲೇ ಇರುವ ಆರು ವರ್ಷದ ಮಗುವಿಗೆ ಉತ್ತರ ಅಮೆರಿಕದ ಅತಿ ದೊಡ್ಡ ಸ್ಕೀ ಜಾಗದಿಂದ ಏನಾಗಬೇಕು? ಊರ ಪಕ್ಕದ ಗುಡ್ಡವಾದರೆ ಎರಡು ಗಂಟೆ ಆಡಿ, ಅಳು ಶುರುವಾದರೆ ಕಾರು ತಿರುಗಿಸಿ ಊಟಕ್ಕೆ ಮನೆ.

ಒಂದು ಎಚ್ಚರಿಕೆ ಮಾತ್ರ. ಪೇಟೆ ಇಷ್ಟು ಹತ್ತಿರ ಕಾಣುವುದರಿಂದಲೇ ಜನ ಹಗ್ಗ ಕಟ್ಟಿದ ಗಡಿ ದಾಟಿ ಹೋಗುತ್ತಾರೆ. ಅತ್ತ ಕಡೆ ಕಡಿದಾದ ಕಣಿವೆ, ಹಿಮಕುಸಿತ. ಅಂಥವರನ್ನು ಹುಡುಕಿ ತರುವುದು ನಾರ್ತ್ ಶೋರ್ ರೆಸ್ಕ್ಯೂ, 1965ರಿಂದ ಇರುವ ಸ್ವಯಂಸೇವಕರ ತಂಡ, ಹಣ ಕೇಳುವುದಿಲ್ಲ. ಪಳಗಿದ ಹರೆಯದವರೇ ಹೀಗೆ ಸಿಕ್ಕಿಬೀಳುವುದು ಜಾಸ್ತಿಯಂತೆ. ಮೊಮ್ಮಗನಿಗೆ ಇದನ್ನು ಅಜ್ಜನಿಂದ ಹೇಳಿಸಿದ್ದೇವೆ.

ಕುಂಬಳೆಯಲ್ಲಿರುವ ತಂಗಿ ಮಗಳು ಫೋನು ಮಾಡಿ, "ದೊಡ್ಡಮ್ಮ, ನಾವೂ ಹೋಗಬೇಕು, ಮಾರ್ಚಿನಲ್ಲಿ ಮಕ್ಕಳಿಗೆ ಪರೀಕ್ಷೆ, ಏನು ಮಾಡುವುದು?" ಎಂದು ಕೇಳಿದಳು. ಕೇರಳದ ಶಾಲೆಯ ರಜೆ ಏಪ್ರಿಲ್, ಮೇ. ಅಷ್ಟು ಹೊತ್ತಿಗೆ ಊರ ಪಕ್ಕದ ಗುಡ್ಡಗಳಲ್ಲಿ ಹಿಮ ತೆಳ್ಳಗಾಗಿ ಒಂದೊಂದೇ ಮುಚ್ಚಲು ಶುರು ಮಾಡುತ್ತವೆ. ಬ್ಲ್ಯಾಕ್‌ಕೂಂಬ್‌ನ ತುದಿ 2,400 ಮೀಟರ್ ದಾಟಿರುವ ಕಾರಣ ವಿಸ್ಲರ್ ಮಾತ್ರ ಮೇ ತಿಂಗಳವರೆಗೂ ತೆರೆದಿರುತ್ತದೆ. ಹಾಗಾಗಿ ಅವಳಿಗೆ ನಾನೇ ವಿಸ್ಲರ್ ಎಂದು ಹೇಳಿದೆ, ಇಷ್ಟು ಹೊತ್ತು ಬೇಡ ಎಂದು ಬರೆದವಳು! ದುಡ್ಡು ಕೊಟ್ಟು ಇಲ್ಲಿಂದ ಜಾಕೆಟ್ ತೆಗೆದುಕೊಂಡು ಹೋಗಬೇಡ, ಮಂಗಳೂರಿನ ಅಂಗಡಿಯ ದಪ್ಪ ಸ್ವೆಟರು ಅಲ್ಲಿನ ಮಳೆಗೆ ನೆನೆದು ಹತ್ತು ಕಿಲೋ ಆಗುತ್ತದೆ. ಅಲ್ಲಿ ಸೆಕೆಂಡ್ ಹ್ಯಾಂಡ್ ಅಂಗಡಿಯಲ್ಲಿ ನೀರು ಹಿಡಿಯದ ಒಳ್ಳೆ ಜಾಕೆಟ್ ಕಮ್ಮಿಗೆ ಸಿಗುತ್ತದೆ. ಪೆಟ್ಟಿಗೆಯಲ್ಲಿ ಉಳಿದ ಜಾಗಕ್ಕೆ ಹಲಸಿನ ಹಪ್ಪಳ ತುಂಬು, ವಿಮಾನ ನಿಲ್ದಾಣದಲ್ಲಿ ತಿಂಡಿ ಇದೆ ಎಂದು ಹೇಳಿ ತೋರಿಸು ಎಂದೂ ಹೇಳಿದ್ದೇನೆ.